ಚಾಲಕನ ಕಡ್ಡಾಯ ತರಬೇತಿ: ವೆಚ್ಚ ಯಾರದು?

2024ರ ಜನವರಿ 2ರಂದು ಮುಂಬಯಿ, ಪುಣೆ, ಹೈದರಾಬಾದು ಮೊದಲಾದ ನಗರಗಳ ಪೆಟ್ರೋಲ್ ಬಂಕುಗಳ ಮುಂದೆ ವಾಹನಗಳ ಸಾಲು ರಸ್ತೆಯುದ್ದಕ್ಕೂ ಬೆಳೆದು ನಿಂತಿತ್ತು. ಪ್ರಾಣಹಾನಿಯಾಗುವಂತಹ ಅಪಘಾತವೆಸಗಿ, ಅಧಿಕಾರಿಗಳಿಗೆ ತಿಳಿಸದೆ ಪರಾರಿಯಾಗುವ ಚಾಲಕನಿಗೆ ಹತ್ತು ವರ್ಷಗಳವರೆಗೂ ಸೆರೆವಾಸ ವಿಧಿಸಬಹುದೆಂದು ಹೇಳುವ ಭಾರತೀಯ ನ್ಯಾಯ ಸಂಹಿತೆಯ 106(2)ನೆಯ ಉಪವಿಧಿಯನ್ನು ಪ್ರತಿಭಟಿಸಿ ಲಾರಿ ಹಾಗೂ ಟ್ಯಾಂಕರ್ ಚಾಲಕರು ಗಾಡಿಗಳನ್ನು ರಸ್ತೆಯ ಬದಿಗೆ ನಿಲ್ಲಿಸಿ ಕೆಳಗಿಳಿದಿದ್ದರು. ಎರಡು ದಿನಗಳಲ್ಲಿ ಮಾತುಕತೆ ನಡೆದು ಮುಷ್ಕರ ಮುಗಿಯಿತು. ಅದೇ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪವಿಧಿಯನ್ನು ಮಾತ್ರ ತಡೆಹಿಡಿಯಲಾಯಿತು. ಬಂಕುಗಳ ಮುಂದಿನ ಸಾಲು ಕರಗಿತು. ಸಾಲಿನಲ್ಲಿ ನಿಂತವರ ಮನಸ್ಸಿನಿಂದ ಟ್ಯಾಂಕರಿನ ಚಾಲಕನೂ ಅಷ್ಟೇ ಬೇಗ ಮರೆಯಾದನು.

ತಪ್ಪಿಗೆ ಶಿಕ್ಷೆ ಎಷ್ಟಿರಬೇಕೆಂಬ ಚರ್ಚೆ ಅಂದು ಪತ್ರಿಕೆಗಳಲ್ಲಿ ಬೇಕಾದಷ್ಟು ನಡೆಯಿತು. ಆದರೆ ತಪ್ಪು ನಡೆಯದಂತೆ ಚಾಲಕನನ್ನು ಸಿದ್ಧಗೊಳಿಸುವ ಹೊಣೆ ಯಾರದು, ಆ ಸಿದ್ಧತೆಗೆ ತಗಲುವ ಹಣವನ್ನು ಯಾರು ತೆರಬೇಕು ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬಂದಂತೆ ತೋರಲಿಲ್ಲ. ಇದು ಕೇವಲ ಲೆಕ್ಕದ ಪುಸ್ತಕಕ್ಕೆ ಸೇರಿದ ಪ್ರಶ್ನೆಯಲ್ಲ. ತರಬೇತಿಯ ವೆಚ್ಚವನ್ನು ಯಾರು ಕೊಡುತ್ತಾರೆ ಎಂಬುದರ ಮೇಲೆಯೇ ಆ ತರಬೇತಿ ನಿಜವಾಗಿ ನಡೆಯುತ್ತದೆಯೋ, ಇಲ್ಲವೇ ಕಾಗದದ ಮೇಲೆ ಮುಗಿಯುತ್ತದೆಯೋ ಎಂಬುದು ನಿಂತಿದೆ.

ಕಾನೂನು ಕೇಳುವುದೇನು?

ನಮ್ಮ ದೇಶದಲ್ಲಿ ಸಾರಿಗೆ ವಾಹನದ ಚಾಲಕರೆಲ್ಲರಿಗೂ ಒಂದೇ ಬಗೆಯ ಕಡ್ಡಾಯ ತರಬೇತಿಯಿಲ್ಲ. ಆದರೆ ಅಡಿಗೆ ಅನಿಲ, ಪೆಟ್ರೋಲ್, ಆಮ್ಲ, ಕ್ಲೋರಿನ್ ಮೊದಲಾದ ಅಪಾಯಕಾರಿ ಸರಕುಗಳನ್ನು ಹೊತ್ತೊಯ್ಯುವವನಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮವು ಸ್ಪಷ್ಟವಾದ ಷರತ್ತನ್ನು ಹಾಕಿದೆ. ಸಾರಿಗೆ ವಾಹನದ ಲೈಸೆನ್ಸ್ ಇದ್ದರಷ್ಟೇ ಸಾಲದು. ಮೂರು ದಿನಗಳ ವಿಶೇಷ ಶಿಕ್ಷಣ ಪಡೆದು ಉತ್ತೀರ್ಣನಾದ ಪ್ರಮಾಣಪತ್ರವೂ ಆತನಲ್ಲಿರಬೇಕು. ಹಿಂದೆ ಇಂತಹ ಲೈಸೆನ್ಸಿನ ಅವಧಿ ಒಂದೇ ವರ್ಷವಾಗಿದ್ದು, ಪ್ರತಿ ಸಲ ನವೀಕರಿಸುವಾಗಲೂ ಒಂದು ದಿನದ ಪುನಶ್ಚೇತನ ತರಬೇತಿ ಬೇಕಾಗಿತ್ತು. 2019ರ ತಿದ್ದುಪಡಿಯು ಈ ಅವಧಿಯನ್ನು ಮೂರು ವರ್ಷಕ್ಕೆ ಏರಿಸಿತು.

ಆ ಮೂರು ದಿನಗಳ ಪಠ್ಯಕ್ರಮವನ್ನು ಓದಿದವರಿಗೆ ಅದನ್ನು ರಚಿಸಿದವರ ಬಗ್ಗೆ ಗೌರವವುಂಟಾಗದೆ ಇರದು. ಮೊದಲ ಎರಡು ದಿನಗಳಲ್ಲಿ ಅಪಘಾತಗಳ ಕಾರಣ, ಚಾಲಕನ ದೇಹಸ್ಥಿತಿ, ಬ್ರೇಕು ಒತ್ತಿದ ಮೇಲೆ ಗಾಡಿ ಓಡುವ ದೂರ, ರಾತ್ರಿಯ ಪ್ರಯಾಣ, ಇಳಿಜಾರಿನಲ್ಲಿ ಗೇರಿನ ಬಳಕೆ, ಗಾಡಿಯನ್ನು ನಿಲ್ಲಿಸಲು ತಕ್ಕ ಸ್ಥಳ, ನಿಲ್ಲಿಸಿದ ಬಳಿಕ ಚಕ್ರಕ್ಕೆ ಅಡೆಯಿಡುವ ಕ್ರಮ ಇವೆಲ್ಲ ಬರುತ್ತವೆ. ರಸ್ತೆಯ ಮೇಲಿನ ಪರೀಕ್ಷೆಯನ್ನು ಒಂದು ಸಲಕ್ಕೆ ಒಬ್ಬನೇ ಚಾಲಕನಿಗೆ ನಡೆಸಬೇಕೆಂದೂ ನಿಯಮ ಹೇಳುತ್ತದೆ. ಮೂರನೆಯ ದಿನ ಸರಕಿನ ಗುಣಧರ್ಮಗಳಿಗೆ ಮೀಸಲು. ಟ್ಯಾಂಕರಿನ ಮೈಮೇಲೆ ಬರೆದ ಅಂಕಿಗಳ ಅರ್ಥವೇನು, ಸೋರಿಕೆಯಾದರೆ ಏನು ಮಾಡಬೇಕು, ಬೆಂಕಿಯನ್ನು ಹೇಗೆ ಎದುರಿಸಬೇಕು, ಪ್ರಥಮ ಚಿಕಿತ್ಸೆ ಹೇಗೆ, ಬಾವಿ ಕೆರೆ ಹೊಳೆಗಳಿಗೆ ವಿಷ ಸೇರದಂತೆ ತಡೆಯುವುದೆಂತು ಎಂಬುದನ್ನೆಲ್ಲ ಕಲಿಸಬೇಕು. ಅನಿಲದ ಟ್ಯಾಂಕರಿನ ಮೇಲಿರುವ 1075 ಎಂಬ ಸಂಖ್ಯೆಯೂ ಪೆಟ್ರೋಲ್ ಟ್ಯಾಂಕರಿನ ಮೇಲಿರುವ 1203 ಎಂಬ ಸಂಖ್ಯೆಯೂ ವಿಶ್ವಸಂಸ್ಥೆಯ ವರ್ಗೀಕರಣದ ಗುರುತುಗಳು. ಅಗ್ನಿಶಾಮಕ ದಳದವರು ದೂರದಿಂದಲೇ ಅವನ್ನು ಓದಿ ಒಳಗಿರುವ ಪದಾರ್ಥ ಯಾವುದೆಂದು ತಿಳಿಯುತ್ತಾರೆ. ದಿನವೂ ಆ ಸಂಖ್ಯೆಯನ್ನು ಹೊತ್ತು ತಿರುಗುವ ಚಾಲಕನಿಗೆ ಅದರ ಅರ್ಥ ತಿಳಿಯದಿದ್ದರೆ ಅದಕ್ಕಿಂತ ವಿಪರ್ಯಾಸ ಮತ್ತೊಂದಿಲ್ಲ.

ಇನ್ನು 135ನೆಯ ನಿಯಮ. ತನ್ನ ಚಾಲಕನಿಗೆ ಸರಕಿನ ಸ್ವರೂಪ, ಅದರಿಂದ ಒದಗಬಹುದಾದ ಅಪಾಯ, ವಹಿಸಬೇಕಾದ ಎಚ್ಚರಿಕೆ ಹಾಗೂ ವಿಪತ್ಕಾಲದ ಕರ್ತವ್ಯಗಳ ಕುರಿತು ಸಾಕಷ್ಟು ಸೂಚನೆ ಮತ್ತು ತರಬೇತಿ ದೊರೆತಿದೆಯೆಂಬುದನ್ನು ವಾಹನದ ಮಾಲೀಕನು, ಸರಕು ಕಳುಹಿಸುವವರಿಗೆ ಮನದಟ್ಟಾಗುವಂತೆ, ಖಚಿತಪಡಿಸಬೇಕು. ಹೊಣೆ ಮಾಲೀಕನದೆಂದು ಕಾನೂನೇ ನುಡಿದಾಯಿತು. ಆದರೆ ಹಣ ಯಾರದೆಂಬ ವಿಷಯದಲ್ಲಿ ಅದೇ ನಿಯಮ ಮೌನ ವಹಿಸಿದೆ. ಈ ಮೌನದಲ್ಲಿಯೇ ಸಮಸ್ಯೆಯೆಲ್ಲ ಮನೆ ಮಾಡಿಕೊಂಡಿದೆ.

ನೆಲವನ್ನಪ್ಪಿ ಹರಿಯುವ ಅನಿಲ

ಮೂರು ದಿನಗಳ ಕಲಿಕೆಗೆ ಇಷ್ಟೊಂದು ಮಹತ್ವವೇಕೆಂದು ಕೇಳುವವರು ಅಡಿಗೆ ಅನಿಲದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಒತ್ತಡದಲ್ಲಿ ದ್ರವವಾಗಿರುವ ಈ ಪದಾರ್ಥ ಹೊರಬಂದೊಡನೆ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಹೊಗೆಯಂತೆ ಮೇಲೇರದೆ ನೀರಿನಂತೆ ನೆಲವನ್ನಪ್ಪಿ ತಗ್ಗಿನ ಕಡೆಗೆ ಹರಿಯುತ್ತದೆ. ಚರಂಡಿ, ಬಾವಿ, ರಸ್ತೆಯಿಂದ ಕೆಳಮಟ್ಟದಲ್ಲಿರುವ ಮನೆಯ ಅಂಗಳ ಇವೇ ಅದರ ದಾರಿ. ಎಲ್ಲೋ ಒಂದು ಒಲೆಯ ಬೆಂಕಿ, ಒಂದು ವಿದ್ಯುತ್ ಸ್ವಿಚ್ಚಿನ ಕಿಡಿ ಸಿಕ್ಕಿದರೆ ಸಾಕು. ಬಂದ ದಾರಿಯಲ್ಲೇ ಜ್ವಾಲೆ ಹಿಂದಿರುಗುತ್ತದೆ.

2012ರ ಆಗಸ್ಟ್ 27ರ ರಾತ್ರಿ ಕೇರಳದ ಕಣ್ಣೂರಿನ ಬಳಿ ಚಾಲ ಎಂಬಲ್ಲಿ ಅನಿಲದ ಟ್ಯಾಂಕರೊಂದು ರಸ್ತೆಯ ನಡುವಿನ ವಿಭಜಕಕ್ಕೆ ಬಡಿದು ಉರುಳಿತು. ಅನಿಲ ಅಕ್ಕಪಕ್ಕದ ಮನೆಗಳವರೆಗೆ ಹರಡಿ ಹೊತ್ತಿಕೊಂಡಿತು. ಇಪ್ಪತ್ತು ಮಂದಿ ಪ್ರಾಣ ಕಳೆದುಕೊಂಡರು. ಅದಾಗಿ ಎಂಟು ತಿಂಗಳು ಕಳೆಯುವ ಮೊದಲೇ, 2013ರ ಏಪ್ರಿಲ್ 9ರಂದು, ದಕ್ಷಿಣ ಕನ್ನಡದ ಉಪ್ಪಿನಂಗಡಿಯ ಸಮೀಪದ ಪೆರ್ನೆಯಲ್ಲಿ ಅಂತಹುದೇ ಟ್ಯಾಂಕರು ಮಗುಚಿ ಬೆಂಕಿಯೆದ್ದು ಹಲವರು ಬಲಿಯಾದರು. ಮಂಗಳೂರಿನಿಂದ ದಕ್ಷಿಣಕ್ಕೂ ಘಟ್ಟದ ಮೇಲಕ್ಕೂ ಸಾಗುವ ಬುಲೆಟ್ ಟ್ಯಾಂಕರುಗಳನ್ನು ಕಂಡರೆ ಆ ಭಾಗದ ಜನ ಇಂದಿಗೂ ತುಸು ದೂರ ಸರಿದು ನಿಲ್ಲುತ್ತಾರೆ. ಮುಂಬಯಿಯ ಚೆಂಬೂರಿನ ಕನ್ನಡಿಗರಿಗೆ ಮಾಹುಲದ ತೈಲಶುದ್ಧಿ ಕಾರಖಾನೆಗಳಿಂದ ಹೊರಡುವ ಟ್ಯಾಂಕರುಗಳ ಸಾಲು ನಿತ್ಯದ ನೋಟವೇ ಆಗಿದೆ.

ಇಂತಹ ಗಳಿಗೆಯಲ್ಲಿ ಮೊದಲ ಐದು ನಿಮಿಷ ಚಾಲಕನ ಕೈಯಲ್ಲಿರುತ್ತದೆ. ಎಂಜಿನ್ ಆರಿಸುವುದು, ಹಿಂದೆ ಬರುವ ವಾಹನಗಳನ್ನು ದೂರದಲ್ಲಿಯೇ ತಡೆಯುವುದು, ಗಾಳಿ ಬೀಸುವ ದಿಕ್ಕನ್ನು ಗುರುತಿಸಿ ಜನರನ್ನು ಅದಕ್ಕೆ ಎದುರಾಗಿ, ಎತ್ತರದ ಕಡೆಗೆ ಕಳುಹಿಸುವುದು, ಒಲೆ ದೀಪಗಳನ್ನು ಆರಿಸಿರೆಂದು ಕೂಗಿ ಹೇಳುವುದು ಯಾವುದೂ ಸ್ವಭಾವತಃ ಹೊಳೆಯುವ ಸಂಗತಿಗಳಲ್ಲ. ಸ್ವಭಾವ ಹೇಳುವುದು ಒಂದೇ ಮಾತು: ಓಡು. ಉಳಿದುದನ್ನು ಯಾರಾದರೂ ಕಲಿಸಬೇಕು, ಮತ್ತೆ ಮತ್ತೆ ನೆನಪಿಸಬೇಕು.

ಚಾಲಕನ ಲೆಕ್ಕ

ಬಹುಪಾಲು ಖಾಸಗಿ ಲಾರಿಗಳಲ್ಲಿ ಈಗಿನ ಪದ್ಧತಿ ಸರಳವಾಗಿದೆ. ಲೈಸೆನ್ಸ್ ಚಾಲಕನದು, ಆದುದರಿಂದ ಅದಕ್ಕೆ ಸಂಬಂಧಿಸಿದ ಖರ್ಚೂ ಅವನದೇ. ಧಣಿಗೆ ಬೇಕಾದುದು ಗಡುವು ಮುಗಿಯದ ಲೈಸೆನ್ಸ್ ಉಳ್ಳ ಮನುಷ್ಯ. ಅದನ್ನು ಪಡೆದ ಬಗೆಯಲ್ಲ.

ತರಬೇತಿ ಕೇಂದ್ರದ ಶುಲ್ಕವೇ ದೊಡ್ಡ ಹೊರೆಯೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಶುಲ್ಕ ಆ ಹೊರೆಯ ಚಿಕ್ಕ ಭಾಗ. ಟ್ಯಾಂಕರ್ ಚಾಲಕನ ಸಂಪಾದನೆಯಲ್ಲಿ ತಿಂಗಳ ಸಂಬಳಕ್ಕಿಂತ ಟ್ರಿಪ್ಪಿನ ಬಾಟಾಕ್ಕೆ ಮಹತ್ವ ಹೆಚ್ಚು. ಗಾಡಿ ಓಡಿದರೆ ಕೂಲಿ, ನಿಂತರೆ ಇಲ್ಲ. ಮೂರು ದಿನ ಬೆಂಚಿನ ಮೇಲೆ ಕುಳಿತರೆ ಮೂರು ದಿನದ ಬಾಟಾ ಹೋಯಿತು. ಮಾನ್ಯತೆ ಪಡೆದ ಕೇಂದ್ರ ತನ್ನ ಊರಿನಲ್ಲಿರದಿದ್ದರೆ ಬಸ್ಸಿನ ಖರ್ಚು, ಊಟ ವಸತಿಯ ಖರ್ಚು ಬೇರೆ. ಅಷ್ಟರೊಳಗೆ ಧಣಿ ಬೇರೊಬ್ಬನನ್ನು ಗಾಡಿಗೆ ಹತ್ತಿಸಿಬಿಟ್ಟರೆ, ಮರಳಿ ಬಂದವನಿಗೆ ಸ್ಟೇರಿಂಗ್ ಸಿಗುವುದೆಂಬ ಭರವಸೆಯೂ ಇಲ್ಲ.

ಇಂತಹ ಸ್ಥಿತಿಯಲ್ಲಿರುವವನು ಏನನ್ನು ಬಯಸುತ್ತಾನೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ. ಮೂರು ದಿನದ ಪಾಠವನ್ನು ಮೂರು ಗಂಟೆಯಲ್ಲಿ ಮುಗಿಸಿ ಕಾಗದ ಕೈಗೆ ಕೊಡುವ ಕೇಂದ್ರವೇ ಅವನಿಗೆ ಒಳ್ಳೆಯ ಕೇಂದ್ರವಾಗಿ ತೋರುತ್ತದೆ. ಗಿರಾಕಿ ಬಯಸಿದುದನ್ನು ಮಾರುವುದು ಅಂಗಡಿಯ ಧರ್ಮ. ಶಿಸ್ತಿನಿಂದ ಮೂರು ದಿನವೂ ಕಲಿಸುವ, ಒಬ್ಬೊಬ್ಬನನ್ನೇ ರಸ್ತೆಗೆ ಕರೆದೊಯ್ದು ಪರೀಕ್ಷಿಸುವ ಕೇಂದ್ರಕ್ಕೆ ಹೋಗುವವರು ಕಡಿಮೆಯಾಗುತ್ತಾರೆ. ಬೆಲೆಯಲ್ಲಿಯೂ ಸಮಯದಲ್ಲಿಯೂ ಅಗ್ಗವಾದುದು ಗೆಲ್ಲುತ್ತದೆ. ಬಡವನಾದ ಚಾಲಕನನ್ನು ಈ ವಿಷಯದಲ್ಲಿ ನೀತಿಗೆಟ್ಟವನೆಂದು ಜರೆಯುವುದು ಸುಲಭ. ಆದರೆ ಆತನು ತನ್ನ ಮಕ್ಕಳ ಶಾಲೆಯ ಫೀಸನ್ನೂ ಈ ಪ್ರಮಾಣಪತ್ರವನ್ನೂ ಒಂದೇ ಜೇಬಿನಿಂದ ತೆರಬೇಕೆಂಬುದನ್ನು ಜರೆಯುವವರು ಮರೆಯಬಾರದು.

ಆರೋಗ್ಯದ ದೃಷ್ಟಿಯಿಂದ ನೋಡಿದರೆ ಇದರ ಪರಿಣಾಮ ಇನ್ನೂ ಗಂಭೀರವಾಗಿದೆ. ತರಬೇತಿಗಾಗಿ ಕಳೆದುಕೊಂಡ ಟ್ರಿಪ್ಪುಗಳನ್ನು ತುಂಬಿಕೊಳ್ಳಲು ಚಾಲಕನು ಮುಂದಿನ ವಾರ ನಿದ್ದೆಗೆಟ್ಟು ಓಡಿಸುತ್ತಾನೆ. ನಿರಂತರವಾಗಿ 17 ಗಂಟೆ ಎಚ್ಚರವಿದ್ದವನ ಗಮನಶಕ್ತಿ ಮತ್ತು ಕೈಚುರುಕು, 100 ಮಿಲಿಲೀಟರು ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತವೆಂದು ಪ್ರಯೋಗಗಳು ತೋರಿಸಿವೆ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಅನುಮತಿಸುವ ಮಿತಿಯಾದರೋ 30 ಮಿಲಿಗ್ರಾಂ ಮಾತ್ರ. ಅಂದರೆ ತೊಟ್ಟು ಮದ್ಯವನ್ನೂ ಮುಟ್ಟದ ಸಾತ್ವಿಕನಾದ ಚಾಲಕನೂ ನಿದ್ದೆಯಿಲ್ಲದೆ ಹೊರಟರೆ ಕಾನೂನಿನ ಮಿತಿಯನ್ನು ಮೀರಿ ಕುಡಿದವನಿಗೆ ಸಮಾನನಾಗುತ್ತಾನೆ. ಅವನನ್ನು ಹಿಡಿಯಲು ಯಾವ ಪೊಲೀಸರ ಬಳಿಯೂ ಉಪಕರಣವಿಲ್ಲ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹವೇ ನಿದ್ರೆಯನ್ನು ಬೇಡುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಮೂರು ಕ್ಷಣ ಕಣ್ಣು ಮುಚ್ಚಿದರೆ ಗಾಡಿ 50 ಮೀಟರು ದೂರವನ್ನು ಯಾರ ಹಿಡಿತವೂ ಇಲ್ಲದೆ ಕ್ರಮಿಸಿರುತ್ತದೆ. ಗೊರಕೆಯೊಡನೆ ಉಸಿರು ಕಟ್ಟುವ ನಿದ್ರಾರೋಗ, ಗಮನಿಸದೆ ಬಿಟ್ಟ ಸಕ್ಕರೆ ಕಾಯಿಲೆ, ಎದುರಿನ ದೀಪದ ಬೆಳಕಿಗೆ ಮಂಕಾಗುವ ಕಣ್ಣು ಇವೂ ಇದಕ್ಕೆ ಜೊತೆಗೂಡುವುದುಂಟು. ಲೈಸೆನ್ಸಿಗೆ ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯವೆಂಬುದೇನೋ ನಿಜ. ಆದರೆ ಅದನ್ನೂ ಚಾಲಕನೇ ಹಣ ತೆತ್ತು ತರಬೇಕಾದಾಗ, ರೋಗವನ್ನು ಹುಡುಕುವ ವೈದ್ಯನಿಗಿಂತ ಸಹಿ ಹಾಕುವ ವೈದ್ಯನೇ ಅವನಿಗೆ ಪ್ರಿಯನಾಗುವುದು ಆಶ್ಚರ್ಯವಲ್ಲ. ತರಬೇತಿಯ ಪಠ್ಯದಲ್ಲಿರುವ ಚಾಲಕನ ದೇಹಸ್ಥಿತಿಯ ಪಾಠವನ್ನು ಉಚ್ಚರಿಸುತ್ತಲೇ, ಅವನ ನಿದ್ದೆಯನ್ನು ಕಸಿದುಕೊಳ್ಳುವ ವ್ಯವಸ್ಥೆ ಇದಾಗಿದೆ.

ಮಾಲೀಕರ ವಾದ

ಲಾರಿ ಮಾಲೀಕರ ಮಾತನ್ನು ಕೇಳದೆ ತೀರ್ಪು ನೀಡುವುದು ಸರಿಯಲ್ಲ. ಭಾರತದಲ್ಲಿ ಲಾರಿಗಳ ಒಡೆತನ ಹೆಚ್ಚಾಗಿ ಸಣ್ಣವರ ಕೈಯಲ್ಲಿದೆ. ಒಂದು, ಎರಡು, ಹೆಚ್ಚೆಂದರೆ ಐದು ಗಾಡಿ. ಅದರ ಮೇಲೆ ಬ್ಯಾಂಕಿನ ಸಾಲ, ಟಯರು, ಡೀಸೆಲ್, ವಿಮೆ, ತೆರಿಗೆ, ಟೋಲು. ಎಷ್ಟೋ ಕಡೆ ಮಾಲೀಕನೇ ನಿನ್ನೆಯವರೆಗೆ ಚಾಲಕನಾಗಿದ್ದವನು. ಅಂಥವನು ಖರ್ಚು ಮಾಡಿ ಚಾಲಕನಿಗೆ ತರಬೇತಿ ಕೊಡಿಸಿದರೆ, ಪ್ರಮಾಣಪತ್ರ ಕೈಗೆ ಬಂದ ಮರುವಾರವೇ ಚಾಲಕನು ನೂರು ರೂಪಾಯಿ ಹೆಚ್ಚು ಬಾಟಾ ಕೊಡುವ ಪಕ್ಕದ ಗಾಡಿಗೆ ಹೋಗಬಹುದು. ಒಬ್ಬನ ಹಣ, ಮತ್ತೊಬ್ಬನಿಗೆ ಫಲ. ಈ ಭಯ ಕಾಲ್ಪನಿಕವಲ್ಲ.

ಇನ್ನೊಂದು ವಾದವೂ ಉಂಟು. ವೈದ್ಯನೂ ವಕೀಲನೂ ತಮ್ಮ ವಿದ್ಯೆಗೆ ತಾವೇ ಖರ್ಚು ಮಾಡುವಾಗ ಚಾಲಕನು ಮಾತ್ರ ಏಕೆ ಮಾಡಬಾರದು? ವಿದ್ಯೆ ಅವನ ಆಸ್ತಿಯಲ್ಲವೇ? ಮೇಲ್ನೋಟಕ್ಕೆ ಸರಿಯೆನಿಸುವ ಈ ಹೋಲಿಕೆ ಸ್ವಲ್ಪ ತಟ್ಟಿ ನೋಡಿದರೆ ಟೊಳ್ಳೆಂದು ತಿಳಿಯುತ್ತದೆ. ವೈದ್ಯನು ತನ್ನ ವಿದ್ಯೆಗೆ ತಕ್ಕ ಶುಲ್ಕವನ್ನು ತಾನೇ ಗೊತ್ತುಪಡಿಸಬಲ್ಲನು. ಪ್ರಮಾಣಪತ್ರವುಳ್ಳ ಚಾಲಕನಾದರೋ ಬಾಟಾ ಎಷ್ಟೆಂದು ಕೇಳಿ ತಿಳಿಯುವವನು, ಹೇಳುವವನಲ್ಲ. ಮೊದಲ ಸಲ ಚಾಲನೆಯನ್ನು ಕಲಿಯುವ ಖರ್ಚು ಅವನದೆಂದು ಒಪ್ಪಬಹುದು; ಆ ವಿದ್ಯೆಯನ್ನು ಅವನು ಎಲ್ಲಿ ಬೇಕಾದರೂ ಬಳಸಿಯಾನು. ಆದರೆ ಅನಿಲದ ಸೋರಿಕೆಯನ್ನು ನಿಭಾಯಿಸುವ ವಿದ್ಯೆಯಿಂದ ಚಾಲಕನ ಮನೆಗೆ ಬರುವುದೇನು? ಅದರ ಅಗತ್ಯ ಹುಟ್ಟಿದ್ದು ಸರಕಿನಿಂದ. ಸರಕು ಯಾರದೋ, ಲಾಭ ಯಾರದೋ, ಅಪಾಯವೂ ಖರ್ಚೂ ಮಾತ್ರ ಕೂಲಿಯವನದು. ಕಂಡವರ ಮಕ್ಕಳನ್ನು ಬಾವಿಗೆ ನೂಕಿ ಆಳ ನೋಡಿದರೆಂಬ ಗಾದೆ ಹುಟ್ಟಿದ್ದು ಇಂತಹ ವ್ಯವಹಾರವನ್ನು ಕಂಡೇ ಇರಬೇಕು.

ಹೊರದೇಶಗಳ ಅನುಭವ

ಈ ಗೊಂದಲ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಕಾಗಿಲ್ಲ. ಯೂರೋಪಿನ ಒಕ್ಕೂಟವು 2003ರ ನಿರ್ದೇಶನವೊಂದರಿಂದ ಬಸ್ಸು ಲಾರಿಗಳ ವೃತ್ತಿಚಾಲಕರೆಲ್ಲರಿಗೂ ಐದು ವರ್ಷಕ್ಕೊಮ್ಮೆ 35 ಗಂಟೆಗಳ ತರಬೇತಿಯನ್ನು ಕಡ್ಡಾಯಗೊಳಿಸಿತು. ಬ್ರಿಟನ್ನಿನಲ್ಲಿ ಅದು ಬಸ್ ಚಾಲಕರಿಗೆ 2008ರ ಸೆಪ್ಟೆಂಬರಿನಿಂದಲೂ ಲಾರಿ ಚಾಲಕರಿಗೆ 2009ರ ಸೆಪ್ಟೆಂಬರಿನಿಂದಲೂ ಅನ್ವಯವಾಯಿತು. ಕಾನೂನು ಕೇಳಿದ್ದು ಚಾಲಕನ ಬಳಿ ಕಾರ್ಡ್ ಇರಬೇಕೆಂದು. ಹಣ ಯಾರು ಕೊಡಬೇಕೆಂದು ಅಲ್ಲಿಯೂ ಹೇಳಲಿಲ್ಲ. ದೊಡ್ಡ ಕಂಪನಿಗಳು ಹಲವು ತಮ್ಮ ಚಾಲಕರಿಗೆ ಸಂಬಳ ಸಹಿತ ತರಬೇತಿ ಕೊಡಿಸಿದವು. ಏಜೆನ್ಸಿಗಳ ಮೂಲಕ ದಿನಗೂಲಿಗೆ ದುಡಿಯುವ ಚಾಲಕರು ಮಾತ್ರ ಹೆಚ್ಚಾಗಿ ತಮ್ಮ ಜೇಬಿನಿಂದಲೇ ಕೊಡಬೇಕಾಯಿತು. ಆ ತರಬೇತಿಯ ಕೊನೆಯಲ್ಲಿ ಪರೀಕ್ಷೆಯಿಲ್ಲ, ಹಾಜರಿಯಷ್ಟೇ ಸಾಕು. ಹೀಗಾಗಿ ಒಂದೇ ಏಳು ಗಂಟೆಯ ಪಾಠವನ್ನು ಐದು ಸಲ ಕೇಳಿ 35 ಗಂಟೆಯನ್ನು ಭರ್ತಿ ಮಾಡುವವರೂ ಹುಟ್ಟಿಕೊಂಡರು. ಅಗ್ಗದ ಕುರ್ಚಿಯನ್ನು ಹುಡುಕುವ ಮನುಷ್ಯಸ್ವಭಾವಕ್ಕೆ ಸಮುದ್ರ ಅಡ್ಡ ಬರುವುದಿಲ್ಲ.

2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪೆಟ್ರೋಲ್ ಬಂಕುಗಳ ಮುಂದೆಯೂ, ಮುಂದೆ ನಮ್ಮಲ್ಲಿ ಕಂಡಂತಹುದೇ, ಉದ್ದನೆಯ ಸಾಲುಗಳು ಬೆಳೆದವು. ಅಲ್ಲಿ ಮುಷ್ಕರವಿರಲಿಲ್ಲ, ಚಾಲಕರೇ ಸಾಕಷ್ಟಿರಲಿಲ್ಲ. ಅಕ್ಟೋಬರಿನ ಮೊದಲ ವಾರ ಟ್ಯಾಂಕರ್ ಓಡಿಸಲು ಸೈನಿಕರನ್ನು ಕರೆಸಬೇಕಾಯಿತು. ಸಾಂಕ್ರಾಮಿಕದ ಕಾಲದಲ್ಲಿ ನಿಂತುಹೋಗಿದ್ದ ಪರೀಕ್ಷೆಗಳು, ಸ್ವದೇಶಗಳಿಗೆ ಮರಳಿದ ಯೂರೋಪಿನ ಚಾಲಕರು, ಕಡಿಮೆ ವೇತನ, ವಯಸ್ಸಾದ ಚಾಲಕವರ್ಗ ಹೀಗೆ ಕಾರಣಗಳು ಹಲವು. ನಿವೃತ್ತಿಗೆ ಸಮೀಪಿಸಿದ ಚಾಲಕರು ಮತ್ತೊಮ್ಮೆ 35 ಗಂಟೆಗೆ ಹಣವನ್ನೂ ಸಮಯವನ್ನೂ ತೆರಲೊಲ್ಲದೆ ವೃತ್ತಿಯನ್ನೇ ಬಿಡುತ್ತಿದ್ದಾರೆಂಬ ದೂರೂ ಅವುಗಳಲ್ಲಿ ಸೇರಿತ್ತು.

ಫ್ರಾನ್ಸ್ ದೇಶ ಬೇರೆ ದಾರಿ ಹಿಡಿದಿದೆ. ಅಲ್ಲಿ ಕೆಲಸದಲ್ಲಿರುವ ಚಾಲಕನ ಐದು ವರ್ಷಕ್ಕೊಮ್ಮೆಯ ತರಬೇತಿಯ ವೆಚ್ಚ ಮಾಲೀಕನದು. ತರಬೇತಿಯ ದಿನಗಳು ದುಡಿಮೆಯ ದಿನಗಳೆಂದೇ ಗಣನೆಗೆ ಬರುತ್ತವೆ. 2019ರಲ್ಲಿ ಯೂರೋಪಿನ ಒಕ್ಕೂಟವು ಹೊರಡಿಸಿದ ಮತ್ತೊಂದು ನಿರ್ದೇಶನ ಎಲ್ಲ ವೃತ್ತಿಗಳಿಗೂ ಅನ್ವಯಿಸುವಂತೆ ಒಂದು ಸೂತ್ರವನ್ನು ಹೇಳಿತು: ಕೆಲಸ ಮಾಡಲು ಬೇಕಾದ ತರಬೇತಿಯನ್ನು ಕೊಡಬೇಕಾದದ್ದು ಕಾನೂನಿನಿಂದ ಮಾಲೀಕನ ಹೊಣೆಯಾಗಿದ್ದರೆ, ಅದು ಕೆಲಸಗಾರನಿಗೆ ಉಚಿತವಾಗಿರಬೇಕು, ಮತ್ತು ಆ ಸಮಯವನ್ನು ದುಡಿಮೆಯ ಸಮಯವೆಂದು ಎಣಿಸಬೇಕು. ನಮ್ಮ 135ನೆಯ ನಿಯಮದ ಪಕ್ಕದಲ್ಲಿ ಈ ಸೂತ್ರವನ್ನಿಟ್ಟು ನೋಡಿದರೆ ನಮ್ಮಲ್ಲಿ ಬರೆಯದೆ ಉಳಿದ ವಾಕ್ಯ ಯಾವುದೆಂದು ಗೊತ್ತಾಗುತ್ತದೆ.

ಒಡೆಯ ಯಾರೆಂದು ತಿಳಿದಿರುವಲ್ಲಿ

ನಮ್ಮಲ್ಲಿಯೂ ಈ ಪ್ರಶ್ನೆಯೇ ಏಳದ ಕ್ಷೇತ್ರವೊಂದಿದೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಹಾಸನ ಮೊದಲಾದೆಡೆ ತನ್ನದೇ ತರಬೇತಿ ಕೇಂದ್ರಗಳನ್ನು ನಡೆಸುತ್ತದೆ. ಮುಂಬಯಿಯ ಬೆಸ್ಟ್ ಸಂಸ್ಥೆಗೆ ದಿಂಡೋಶಿಯಲ್ಲಿ ಚಾಲಕರ ಶಾಲೆಯಿದೆ. ಬಸ್ಸು ಸಂಸ್ಥೆಯದು, ಚಾಲಕ ಸಂಸ್ಥೆಯವನು, ಪ್ರಯಾಣಿಕರು ಸಂಸ್ಥೆಯನ್ನೇ ನಂಬಿದವರು. ಹೀಗಿರುವಾಗ ಕಲಿಸುವ ಖರ್ಚು ಯಾರದೆಂದು ಕೇಳುವ ಅಗತ್ಯವಿಲ್ಲ. ಗುತ್ತಿಗೆಯ ಸರಪಳಿ ನಡುವೆ ಬಂದೊಡನೆ ಚಿತ್ರ ಬದಲಾಗುತ್ತದೆ. 2024ರ ಡಿಸೆಂಬರ್ 9ರ ರಾತ್ರಿ ಮುಂಬಯಿಯ ಕುರ್ಲಾದ ಜನನಿಬಿಡ ರಸ್ತೆಯಲ್ಲಿ ಬೆಸ್ಟ್‌ಗಾಗಿ ಗುತ್ತಿಗೆಯ ಮೇಲೆ ಓಡುತ್ತಿದ್ದ ವಿದ್ಯುತ್ ಬಸ್ಸೊಂದು ಹತೋಟಿ ತಪ್ಪಿ ಜನರ ಮೇಲೂ ವಾಹನಗಳ ಮೇಲೂ ಹರಿದು ಹಲವರು ಮಡಿದರು. ಕ್ಲಚ್ಚು ಗೇರುಗಳಿಲ್ಲದ ಹೊಸ ಬಗೆಯ ಬಸ್ಸನ್ನು ಓಡಿಸಲು ಚಾಲಕನಿಗೆ ಎಷ್ಟು ದಿನದ ಅಭ್ಯಾಸ ದೊರೆತಿತ್ತೆಂಬ ಪ್ರಶ್ನೆ ಮರುದಿನವೇ ಎದ್ದಿತು. ತಪ್ಪು ಒಪ್ಪುಗಳ ನಿರ್ಣಯ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಆ ಪ್ರಶ್ನೆಯನ್ನು ಅಪಘಾತದ ಹಿಂದಿನ ದಿನ ಕೇಳಬೇಕಾದವರು ಯಾರೆಂಬುದು ಬಸ್ಸಿನ ಬಣ್ಣವನ್ನು ನೋಡಿದ ಪ್ರಯಾಣಿಕನಿಗೆ ತಿಳಿಯುವಂತಿರಲಿಲ್ಲ.

ಎರಡು ಪೈಸೆಯ ಮಾತು

ಟ್ಯಾಂಕರಿನ ವಿಷಯಕ್ಕೆ ಮರಳೋಣ. ಸಣ್ಣ ಮಾಲೀಕನಿಗೆ ಶಕ್ತಿಯಿಲ್ಲ, ಚಾಲಕನಿಗೆ ಅದಕ್ಕಿಂತಲೂ ಇಲ್ಲ. ಹಾಗಾದರೆ ಶಕ್ತಿಯಿರುವುದು ಯಾರಿಗೆ? ಸರಕು ಕಳುಹಿಸುವ ತೈಲ ಕಂಪನಿಗೆ, ಮತ್ತು ಅದರ ಮೂಲಕ ಅನಿಲವನ್ನು ಉರಿಸುವ ನಮಗೆಲ್ಲರಿಗೆ. ಒಂದು ಅಂದಾಜಿನ ಲೆಕ್ಕ ಹಾಕಿ ನೋಡಬಹುದು. ಬುಲೆಟ್ ಟ್ಯಾಂಕರೊಂದು ಒಮ್ಮೆಗೆ ಸುಮಾರು 17 ಟನ್ ಅನಿಲವನ್ನು ಒಯ್ಯುತ್ತದೆ. ಮನೆಯ 14.2 ಕಿಲೋಗ್ರಾಂ ಸಿಲಿಂಡರಿನ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ 1,200 ಸಿಲಿಂಡರುಗಳಾದವು. ಚಾಲಕನು ತಿಂಗಳಿಗೆ ಎಂಟು ಟ್ರಿಪ್ ಮಾಡುತ್ತಾನೆಂದು ಭಾವಿಸೋಣ. ಮೂರು ವರ್ಷಕ್ಕೆ 288 ಟ್ರಿಪ್, ಅಂದರೆ 3,45,600 ಸಿಲಿಂಡರು. ತರಬೇತಿಯ ಶುಲ್ಕ, ಕಳೆದುಹೋದ ಬಾಟಾ, ಊಟ, ವಸತಿ, ಕಣ್ಣು ಮತ್ತು ಸಕ್ಕರೆಯ ತಪಾಸಣೆ ಎಲ್ಲ ಸೇರಿ ಮೂರು ವರ್ಷಕ್ಕೊಮ್ಮೆ ಆರು ಸಾವಿರ ರೂಪಾಯಿ ಆಯಿತೆಂದು ಇಟ್ಟುಕೊಂಡರೂ ಒಂದು ಸಿಲಿಂಡರಿನ ಮೇಲೆ ಬೀಳುವ ಭಾರ ಎರಡು ಪೈಸೆಗಿಂತ ಕಡಿಮೆ. ಖರ್ಚು ಇದರ ಎರಡರಷ್ಟೆಂದು ಹಿಡಿದರೂ ನಾಲ್ಕು ಪೈಸೆ ಮುಟ್ಟದು. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಉಡುಪಿ ಹೋಟೆಲುಗಳನ್ನು ನಡೆಸುವ ನಮ್ಮ ಬಂಧುಗಳು ದೋಸೆಯ ಕಾವಲಿಯ ಕೆಳಗೆ ಉರಿಸುವ 19 ಕಿಲೋಗ್ರಾಂ ಸಿಲಿಂಡರಿಗೂ ಈ ಲೆಕ್ಕ ಬಹಳ ಬದಲಾಗದು. ಒಬ್ಬ ಚಾಲಕನ ತಿಂಗಳ ಸಂಸಾರವನ್ನು ಅಲುಗಾಡಿಸುವ ಮೊತ್ತ, ಲಕ್ಷಾಂತರ ಅಡಿಗೆಮನೆಗಳಿಗೆ ಹಂಚಿದಾಗ ಕಣ್ಣಿಗೂ ಕಾಣದಂತಾಗುತ್ತದೆ.

ಹಂಚುವ ವಿಧಾನವೂ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಿಗೆ ಮಾಥಾಡಿ ಕಾರ್ಮಿಕರ ಪರಿಚಯ ಚೆನ್ನಾಗಿಯೇ ಇದೆ. 1969ರ ಮಾಥಾಡಿ ಕಾಯ್ದೆಯ ಪ್ರಕಾರ, ತಲೆಯ ಮೇಲೆ ಹೊರೆ ಹೊತ್ತು ಲಾರಿಗೆ ಏರಿಸುವ ಹಮಾಲನ ಕೂಲಿಯೊಡನೆ ಮಾಲೀಕರು ಒಂದು ನಿಗದಿಯಾದ ಲೆವಿಯನ್ನು ಮಂಡಳಿಗೆ ಸಲ್ಲಿಸುತ್ತಾರೆ. ಅದರಿಂದ ಅವನ ಭವಿಷ್ಯನಿಧಿ, ರಜೆ, ಚಿಕಿತ್ಸೆ ಮೊದಲಾದವು ನಡೆಯುತ್ತವೆ. ಹಮಾಲನು ಇಂದು ಈ ಗೋದಾಮಿನಲ್ಲಿ, ನಾಳೆ ಮತ್ತೊಂದರಲ್ಲಿ ದುಡಿದರೂ ಸೌಲಭ್ಯ ಅವನ ಹಿಂದೆಯೇ ಬರುತ್ತದೆ. ಚಾಲಕನು ಬಿಟ್ಟುಹೋದರೆ ತನ್ನ ಹಣ ಹೋಯಿತೆಂಬ ಮಾಲೀಕನ ಭಯಕ್ಕೆ ಇದರಲ್ಲಿ ಉತ್ತರವಿದೆ: ಎಲ್ಲರೂ ನಿಧಿಗೆ ಹಾಕಿದ ಮೇಲೆ ಯಾರ ಗಾಡಿಗೆ ಯಾರು ಹೋದರೂ ನಷ್ಟವಿಲ್ಲ. ಲಾರಿಗೆ ಮೂಟೆ ಏರಿಸುವವನ ಬೆನ್ನಿಗೆ ಅರ್ಧಶತಮಾನದ ಹಿಂದೆಯೇ ಇಂತಹ ಆಸರೆ ದೊರೆತಿರುವಾಗ, ಅದೇ ಲಾರಿಯನ್ನು ರಾತ್ರಿಯಿಡೀ ಓಡಿಸುವವನಿಗೆ ದೊರೆಯದೆ ಉಳಿದುದು ವಿಚಿತ್ರವೇ ಸರಿ.

ಕರ್ನಾಟಕವು 2024ರಲ್ಲಿ ಮೋಟಾರು ಸಾರಿಗೆ ಹಾಗೂ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನೇ ತಂದು, ವಾಹನಗಳ ಮೇಲಿನ ಉಪಕರದಿಂದ ನಿಧಿಯೊಂದನ್ನು ರೂಪಿಸಲು ಮುಂದಾಗಿದೆ. ಅಪಘಾತದಲ್ಲಿ ಸತ್ತ ಚಾಲಕನ ಕುಟುಂಬಕ್ಕೆ ಪರಿಹಾರ ಕೊಡುವುದು ಇಂತಹ ನಿಧಿಯ ಮೊದಲ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಬದುಕಿರುವ ಚಾಲಕನ ಮೂರು ದಿನದ ಕಲಿಕೆಗೂ ಅದರಲ್ಲಿ ಒಂದು ಪಾಲನ್ನು ತೆಗೆದಿರಿಸಿದರೆ ಪರಿಹಾರದ ಸಂದರ್ಭಗಳೇ ಕಡಿಮೆಯಾದಾವು.

ನಿಧಿ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ತೈಲ ಕಂಪನಿಗಳು ಸಾಗಣೆಯ ಗುತ್ತಿಗೆಯನ್ನು ಟೆಂಡರಿನ ಮೂಲಕ ಕೊಡುತ್ತವೆ. ಟಯರು ಎಂತಹದಿರಬೇಕು, ಕವಾಟ ಎಂತಹದಿರಬೇಕು, ಬೆಂಕಿ ಆರಿಸುವ ಉಪಕರಣ ಎಷ್ಟಿರಬೇಕೆಂದು ಬರೆಯುವ ಷರತ್ತುಗಳ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಲು ಯಾವ ಶಾಸನಸಭೆಯ ಅನುಮತಿಯೂ ಬೇಡ: ಚಾಲಕನು ತರಬೇತಿಯಲ್ಲಿ ಕಳೆದ ದಿನಗಳಿಗೆ ಬಾಟಾ ಸಹಿತ ವೇತನ ಸಂದಾಯವಾಗಿರಬೇಕು, ಆ ಮೊತ್ತವನ್ನು ಸಾಗಣೆಯ ದರದಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ದರದೊಳಗೆ ಬೆರೆಸಿಬಿಟ್ಟರೆ ಅತಿ ಕಡಿಮೆ ಬೆಲೆ ಕೂಗಿದವನಿಗೇ ಗುತ್ತಿಗೆ ಸಿಗುವ ಪೈಪೋಟಿಯಲ್ಲಿ ಮೊದಲು ಮಾಯವಾಗುವ ಹಣ ಅದೇ ಆಗಿರುತ್ತದೆ. ಬೇರೆಯಾಗಿ ತೋರಿಸಿದ ಹಣಕ್ಕೆ ರಸೀದಿ ಕೇಳಬಹುದು; ರಸೀದಿ ಕೇಳುವವರು ಬಂದ ಮೇಲೆ ಮೂರು ಗಂಟೆಯಲ್ಲಿ ಪ್ರಮಾಣಪತ್ರ ಮಾರುವ ಅಂಗಡಿಯೂ ಮೂರು ದಿನ ಬಾಗಿಲು ತೆರೆದಿಡಬೇಕಾಗುತ್ತದೆ, ಚಾಲಕರನ್ನು ಒಬ್ಬೊಬ್ಬರನ್ನಾಗಿ ರಸ್ತೆಗೂ ಕರೆದೊಯ್ಯಬೇಕಾಗುತ್ತದೆ.